ತೋರುಬೆರಳೊಂದೇ ಕೈಯಲ್ಲ

ಪುಣೆಯ ಮಾರ್ಕೆಟ್ ಯಾರ್ಡಿಗೆ ಕರ್ನಾಟಕದಿಂದ ಹಸಿಮೆಣಸಿನಕಾಯಿ, ಎಲೆಕೋಸು, ಹುಣಸೆ, ಬೇಸಿಗೆ ಬಂದರೆ ಮಾವು ಹೊತ್ತು ಬರುವ ಲಾರಿಗಳ ಮಾಲೀಕರಲ್ಲಿ ಈಚೆಗೆ ಒಂದು ನಂಬಿಕೆ ಬೇರೂರುತ್ತಿದೆ. ಒಳ್ಳೆಯ ಮಿಸ್ತ್ರಿಗಳು ಸಿಗುತ್ತಿಲ್ಲ, ಸಿಕ್ಕವರಿಗೆ ಹೊಸ ಗಾಡಿ ತಿಳಿಯುವುದಿಲ್ಲ. ಆದರೂ ಚಿಂತೆ ಬೇಡ, ಇನ್ನು ಕೆಲವೇ ವರ್ಷಗಳಲ್ಲಿ ಒಂದು ಕನ್ನಡಕ ಬರುತ್ತದೆ ಎನ್ನುವುದು ಆ ನಂಬಿಕೆ. ಕನ್ನಡಕ ಹಾಕಿಕೊಂಡರೆ ಇಂಜಿನ್ನಿನ ಮೇಲೆಯೇ ಬಾಣ ಮೂಡಿ, ಯಾವ ಬೋಲ್ಟ್ ಮೊದಲು ಬಿಚ್ಚಬೇಕು, ಯಾವ ಪಾನಾ ಬೇಕು, ಎಷ್ಟು ಬಿಗಿಯಬೇಕು ಎಂಬುದೆಲ್ಲ ಕಣ್ಣ ಮುಂದೆ ಕಾಣುತ್ತದೆ. ಕ್ಲೀನರ್ ಹುಡುಗನೂ ಗಾಡಿ ರಿಪೇರಿ ಮಾಡಿಬಿಡುತ್ತಾನೆ. ಎಂಜಿನಿಯರಿಂಗ್ ಓದಿದ ಮಕ್ಕಳು ಈ ಮಾತನ್ನು ಮನೆಗೆ ತರುತ್ತಾರೆ, ಅಪ್ಪಂದಿರು ಅದನ್ನು ಅಡತಿ ಅಂಗಡಿಯ ಗಾದಿಯ ಮೇಲೆ ಕೂತು ಮುಂದಕ್ಕೆ ದಾಟಿಸುತ್ತಾರೆ. ಈ ತಂತ್ರಕ್ಕೆ ಆಗ್ಮೆಂಟೆಡ್ ರಿಯಾಲಿಟಿ ಎಂದು ಹೆಸರು; ಕನ್ನಡದಲ್ಲಿ ವರ್ಧಿತ ವಾಸ್ತವ ಎನ್ನುತ್ತಾರೆ, ಚಿಕ್ಕದಾಗಿ ಎಆರ್. ಈ ನಂಬಿಕೆಯನ್ನು ಪೂರ್ತಿ ಸುಳ್ಳೆಂದು ತಳ್ಳಿಹಾಕಲಾಗದು. ಆದರೆ ಅದರಲ್ಲಿ ನಿಜದ ಎಳೆಯೂ ತಪ್ಪಿನ ಎಳೆಯೂ ಬಿಡಿಸಲಾರದಂತೆ ಹೆಣೆದುಕೊಂಡಿವೆ. ಈ ಗಂಟನ್ನು ಹಾಗೇ ಬಿಟ್ಟರೆ ನಾಳೆ ಹುಡುಗರನ್ನು ಕೆಲಸ ಕಲಿಯಲು ಕಳಿಸಬೇಕೇ ಬೇಡವೇ, ಗ್ಯಾರೇಜಿನವರು ಯಾವುದಕ್ಕೆ ದುಡ್ಡು ಹಾಕಬೇಕು, ಸರ್ಕಾರದ ಮುಂದೆ ನಾವು ಏನನ್ನು ಕೇಳಬೇಕು ಎಂಬ ಪ್ರಶ್ನೆಗಳಿಗೆಲ್ಲ ತಪ್ಪು ಉತ್ತರ ಬರುತ್ತದೆ. ಅದಕ್ಕಾಗಿ ಈ ಎಳೆಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕಾಗಿದೆ.

ಮೊದಲು ಈ ನಂಬಿಕೆಯ ಪರವಾಗಿ ಹೇಳಬೇಕಾದ್ದನ್ನು ನ್ಯಾಯವಾಗಿ ಹೇಳೋಣ. ಅದರ ಹಿಂದೆ ಮೂರು ಗಟ್ಟಿ ಕಾರಣಗಳಿವೆ. ಒಂದು, ಗಾಡಿ ನಿಜಕ್ಕೂ ಬದಲಾಗಿದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಯಾದ ಮೇಲೆ ಬಂದ ಡೀಸೆಲ್ ಲಾರಿಯಲ್ಲಿ ಇಂಜಿನ್ನಿನಷ್ಟೇ ದೊಡ್ಡ ಕಾರಬಾರು ಅದರ ಹೊಗೆ ಶುದ್ಧಿ ಮಾಡುವ ವ್ಯವಸ್ಥೆಯದು: ಯೂರಿಯಾ ಟ್ಯಾಂಕು, ಪಂಪು, ಇಂಜೆಕ್ಟರು, ಸೆನ್ಸರುಗಳು, ಇವನ್ನೆಲ್ಲ ಆಳುವ ಕಂಪ್ಯೂಟರು. ಹಳೆಯ ಟಾಟಾ 407 ಲಾರಿ ಬಿಚ್ಚಿ ಜೋಡಿಸಿ ಕೈ ಪಳಗಿದವನಿಗೂ ಇದು ಹೊಸ ಲೋಕ. ಎರಡು, ತಿಳಿವಳಿಕೆ ಇರುವ ಪುಸ್ತಕ ಇಂಗ್ಲಿಷಿನಲ್ಲಿದೆ, ಕೆಲಸ ಮಾಡುವ ಕೈ ಕನ್ನಡ, ಮರಾಠಿ, ಹಿಂದಿಯಲ್ಲಿದೆ. ಚಿತ್ರವೂ ಬಾಣವೂ ಈ ಗೋಡೆಯನ್ನು ಹಾರಿಬಿಡುತ್ತವೆ. ಮೂರು, ಕಲಿಯುವ ಹಾದಿ ಬಹಳ ಉದ್ದ. ಐಟಿಐಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ ಎರಡು ವರ್ಷ, ಡೀಸೆಲ್ ಮೆಕ್ಯಾನಿಕ್ ಒಂದು ವರ್ಷ. ಆದರೆ ಅಲ್ಲಿಂದ ಬಂದ ಹುಡುಗನ ಕೈಗೆ ಯಾರೂ ಮೊದಲ ದಿನವೇ ಗೇರ್‌ಬಾಕ್ಸ್ ಕೊಡುವುದಿಲ್ಲ. ಕೊಳೆಯುವ ಸರಕು ಹೊತ್ತ ಲಾರಿ ಮುಂದೆ ನಿಂತಾಗ, ಕಲಿಯುವವನಿಗೆ ಹತ್ತು ವರ್ಷ ಕಾಯುತ್ತೇನೆ ಎಂದು ಯಾವ ಮಾಲೀಕನೂ ಹೇಳಲಾರ. ಆ ಹತ್ತು ವರ್ಷವನ್ನು ಹತ್ತು ನಿಮಿಷಕ್ಕೆ ಇಳಿಸುತ್ತೇನೆ ಎಂದು ಯಾರಾದರೂ ಹೇಳಿದರೆ ಅವನ ಕಿವಿ ನೆಟ್ಟಗಾಗುವುದು ಸಹಜ.

ಈ ತಂತ್ರ ಹುಟ್ಟಿದ್ದೂ ಇಂಥದೇ ಒಂದು ಅಗತ್ಯದಿಂದ. ವಿಮಾನದೊಳಗೆ ಹೋಗುವ ತಂತಿಯ ಕಂತೆಗಳನ್ನು ಕಟ್ಟಲು ಬೋಯಿಂಗ್ ಕಾರ್ಖಾನೆಯಲ್ಲಿ ದೊಡ್ಡ ದೊಡ್ಡ ಹಲಗೆಗಳನ್ನು ಬಳಸುತ್ತಿದ್ದರು. ಒಂದೊಂದು ಬಗೆಯ ಕಂತೆಗೆ ಒಂದೊಂದು ಹಲಗೆ, ಅದರ ಮೇಲೆ ತಂತಿ ಹೋಗುವ ದಾರಿಯ ಗುರುತು. ಹಲಗೆ ಖಾಲಿಯಿರಲಿ, ಗುರುತನ್ನು ಕೆಲಸಗಾರನ ಕಣ್ಣ ಮುಂದೆಯೇ ಮೂಡಿಸೋಣ ಎಂದು ಅಲ್ಲಿನ ಟಾಮ್ ಕಾಡೆಲ್ ಮತ್ತು ಡೇವಿಡ್ ಮಿಜೆಲ್ ಯೋಚಿಸಿದರು. 1992ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಿಂದಲೇ ಆಗ್ಮೆಂಟೆಡ್ ರಿಯಾಲಿಟಿ ಎಂಬ ಹೆಸರು ಚಲಾವಣೆಗೆ ಬಂತು. ಮರುವರ್ಷ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಟೀವನ್ ಫೈನರ್ ಮತ್ತು ಜೊತೆಗಾರರು ಲೇಸರ್ ಪ್ರಿಂಟರಿನ ನಿರ್ವಹಣೆಗೆ ಇದನ್ನು ಹೊಂದಿಸಿ ತೋರಿಸಿದರು. ಆ ವ್ಯವಸ್ಥೆಗೆ ಅವರಿಟ್ಟ ಹೆಸರು ಕರ್ಮ. ಅಂದರೆ ಎಆರ್ ಆಟಕ್ಕಾಗಿ ಹುಟ್ಟಿ ಆಮೇಲೆ ಗ್ಯಾರೇಜಿಗೆ ಬಂದದ್ದಲ್ಲ, ಹುಟ್ಟುವಾಗಲೇ ಕೈಕೆಲಸದವನ ಹೆಗಲಿಗೆ ಆನಿಸಿಕೊಂಡು ಹುಟ್ಟಿದ್ದು. ಮೂವತ್ತು ವರ್ಷಕ್ಕೂ ಹಿಂದೆ ಹುಟ್ಟಿದ ತಂತ್ರ ಇನ್ನೂ ನಮ್ಮ ಗ್ಯಾರೇಜಿನ ಹೊಸ್ತಿಲು ದಾಟಿಲ್ಲ ಎಂದರೆ ಕನ್ನಡಕ ದುಬಾರಿ ಎಂಬುದೊಂದೇ ಕಾರಣವಾಗಿರಲಾರದು. ಅದು ಯಾವ ಕೆಲಸಕ್ಕೆ ಒದಗುತ್ತದೆ, ಯಾವುದಕ್ಕೆ ಒದಗುವುದಿಲ್ಲ ಎಂಬ ಲೆಕ್ಕದಲ್ಲೇ ಎಲ್ಲೋ ತಪ್ಪಿದ್ದೇವೆ.

ಆ ತಪ್ಪಿನ ಮೂಲ 'ರಿಪೇರಿ' ಎಂಬ ಒಂದೇ ಮಾತಿನಲ್ಲಿದೆ. ಒಂದೇ ಹೆಸರಿರುವುದರಿಂದ ಅದನ್ನು ಒಂದೇ ಕೆಲಸ ಎಂದುಕೊಳ್ಳುತ್ತೇವೆ. ಬಿಡಿಸಿ ನೋಡಿದರೆ ಅದರೊಳಗೆ ನಾಲ್ಕು ಬೇರೆ ಬೇರೆ ಕೆಲಸಗಳಿವೆ:

1. ಏನು ಕೆಟ್ಟಿದೆ ಎಂದು ಪತ್ತೆ ಮಾಡುವುದು.
2. ಕೆಟ್ಟದ್ದು ಎಲ್ಲಿದೆ, ಅದನ್ನು ಮುಟ್ಟಲು ಯಾವ ಕ್ರಮದಲ್ಲಿ ಏನೇನು ಬಿಚ್ಚಬೇಕು ಎಂದು ತಿಳಿಯುವುದು.
3. ಬಿಚ್ಚುವುದು, ಬದಲಿಸುವುದು, ಮರಳಿ ಜೋಡಿಸುವುದು. ಇದು ಕೈಯ ಕೆಲಸ.
4. ಸರಿಯಾಯಿತೇ ಎಂದು ಪರೀಕ್ಷಿಸಿ, ಗಾಡಿ ರಸ್ತೆಗೆ ಯೋಗ್ಯ ಎಂದು ಮಾತು ಕೊಡುವುದು.

ಬಾಣದ ಗುರುತು ಈ ನಾಲ್ಕರಲ್ಲಿ ಎರಡನೆಯದಕ್ಕೆ ಚೆನ್ನಾಗಿ ಒದಗುತ್ತದೆ, ಮೂರನೆಯದಕ್ಕೆ ಅಲ್ಪಸ್ವಲ್ಪ, ಒಂದನೆಯದಕ್ಕೂ ನಾಲ್ಕನೆಯದಕ್ಕೂ ಬಹಳ ಕಡಿಮೆ. ಒಂದು ಕೆಲಸದಲ್ಲಿ ಸಿಕ್ಕ ಗೆಲುವನ್ನು ನಾಲ್ಕಕ್ಕೂ ಹಂಚಿಬಿಡುವುದರಲ್ಲಿಯೇ ನಮ್ಮ ಗೊಂದಲ ಹುಟ್ಟುತ್ತದೆ. ಇದಕ್ಕೆ ಪುರಾವೆ ಎಆರ್ ಕ್ಷೇತ್ರದ ಒಳಗಿನಿಂದಲೇ ಸಿಗುತ್ತದೆ. ಅದೇ ಫೈನರ್ ಮತ್ತು ಸ್ಟೀವನ್ ಹೆಂಡರ್ಸನ್ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಮರೀನ್ ಪಡೆಯ ಆರು ಮಂದಿ ಮೆಕ್ಯಾನಿಕ್‌ಗಳು ಕವಚ ವಾಹನದ ಇಕ್ಕಟ್ಟಾದ ಗೋಪುರದೊಳಗೆ ಕೂತು 18 ಬಗೆಯ ಕೆಲಸ ಮಾಡಿದರು. ಒಮ್ಮೆ ಎಆರ್ ತೊಟ್ಟು, ಇನ್ನೊಮ್ಮೆ ಪಕ್ಕದಲ್ಲಿಟ್ಟ ಪರದೆ ನೋಡಿಕೊಂಡು. ಮುಂದಿನ ಕೆಲಸದ ಜಾಗ ಹುಡುಕುವುದು ಎಆರ್‌ನಲ್ಲಿ ಬೇಗ ಆಯಿತು. ಆದರೆ ಕೆಲಸ ಮಾಡಿ ಮುಗಿಸುವ ಹೊತ್ತಿನಲ್ಲಿ ಅದು ಪಕ್ಕದ ಪರದೆಯನ್ನು ಹಿಂದೆ ಹಾಕಲಿಲ್ಲ. ಜಾಗ ತೋರಿಸಿದ್ದು ಬಾಣ, ಕೆಲಸ ಮಾಡಿದ್ದು ಪಳಗಿದ ಕೈ. ಅದಕ್ಕೂ ಮಿಗಿಲಾಗಿ, ಯಾವ ಕೆಲಸ ಮಾಡಬೇಕೆಂದು ಅವರಿಗೆ ಮೊದಲೇ ಹೇಳಲಾಗಿತ್ತು. 'ಏನು ಕೆಟ್ಟಿದೆ' ಎಂಬ ಪ್ರಶ್ನೆ ಆ ಪರೀಕ್ಷೆಯಲ್ಲಿ ಇರಲೇ ಇಲ್ಲ.

ಆ ಪ್ರಶ್ನೆಯನ್ನೇ ಮಾರ್ಕೆಟ್ ಯಾರ್ಡಿನ ಬದಿಗೆ ತಂದು ನೋಡೋಣ. ಬಿಎಸ್-6 ಲಾರಿಯೊಂದು ರಾತ್ರಿ ಸರಕು ಇಳಿಸಲು ಬಂದಿದೆ. ದಾರಿಯಲ್ಲೇ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿ ಎಳೆತ ಕಡಿಮೆಯಾಗಿದೆ. ಯೂರಿಯಾ ವ್ಯವಸ್ಥೆ ಸರಿಯಾಗಿ ಕೆಲಸ ಮಾಡದಿದ್ದರೆ ಇಂಜಿನ್ನಿನ ಶಕ್ತಿಯನ್ನು ಕಂಪ್ಯೂಟರೇ ತಗ್ಗಿಸಿಬಿಡುತ್ತದೆ. ಸ್ಕ್ಯಾನರ್ ಹಾಕಿದರೆ ಪಿ20ಇಇ ಎಂಬ ಕೋಡ್ ಬರುತ್ತದೆ. ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡುಗಳನ್ನು ಕಡಿಮೆ ಮಾಡುವ ಕೆಲಸ ನಿಗದಿತ ಮಟ್ಟಕ್ಕಿಂತ ಕೆಳಗಿದೆ ಎಂದು ಅದರ ಅರ್ಥ. ಟ್ಯಾಂಕಿನಲ್ಲಿರುವ 32.5 ಶೇಕಡಾ ಯೂರಿಯಾ ದ್ರಾವಣ ಬಿಸಿ ಹೊಗೆಗೆ ಸಿಂಪಡಿಸಿದಾಗ ಅಮೋನಿಯ ಆಗಬೇಕು, ಅದು ಕ್ಯಾಟಲಿಸ್ಟ್‌ನಲ್ಲಿ ಆ ಆಕ್ಸೈಡುಗಳನ್ನು ನೈಟ್ರೋಜನ್ ಮತ್ತು ನೀರಾಗಿ ಮಾರ್ಪಡಿಸಬೇಕು. ಎಲ್ಲೋ ಈ ಸರಪಳಿ ಕಡಿದಿದೆ. ಎಲ್ಲಿ? ಯಾವುದೋ ಡಾಬಾದ ಪಕ್ಕ ಕೊಂಡ ಅಗ್ಗದ ಯೂರಿಯಾಕ್ಕೆ ನೀರು ಬೆರೆತಿರಬಹುದು. ಇಂಜೆಕ್ಟರಿನ ತುದಿಗೆ ಬಿಳಿ ಹರಳು ಕಟ್ಟಿರಬಹುದು. ಸೆನ್ಸರೇ ಹಾಳಾಗಿ ಸುಳ್ಳು ಲೆಕ್ಕ ಕೊಡುತ್ತಿರಬಹುದು. ಸೈಲೆನ್ಸರ್ ಜಾಯಿಂಟಿನಲ್ಲಿ ಹೊಗೆ ಸೋರುತ್ತಿರಬಹುದು. ಚಾಸಿಗೆ ತಾಗಿ ತಾಗಿ ತಂತಿಯ ಹೊದಿಕೆ ಸವೆದಿರಬಹುದು. ಕೋಡ್ ಒಂದೇ, ಕಾರಣ ಐದು. ಕನ್ನಡಕ ಏನು ಮಾಡುತ್ತದೆ? ಸೆನ್ಸರ್ ಎಲ್ಲಿದೆ ಎಂದು ಹಸಿರು ವೃತ್ತ ಹಾಕಿ ಚೆಂದವಾಗಿ ತೋರಿಸುತ್ತದೆ. ಹುಡುಗ ಸೆನ್ಸರ್ ಬದಲಿಸುತ್ತಾನೆ, ಸಾವಿರಾರು ರೂಪಾಯಿ ಖರ್ಚಾಗುತ್ತದೆ, ಬೆಳಿಗ್ಗೆ ಹೊರಟ ಲಾರಿಯಲ್ಲಿ ಸಾತಾರ ಮುಟ್ಟುವಷ್ಟರಲ್ಲಿ ಅದೇ ದೀಪ ಹತ್ತುತ್ತದೆ. ಬಾಣ ತಪ್ಪು ತೋರಿಸಲಿಲ್ಲ, ಸೆನ್ಸರ್ ಇದ್ದದ್ದು ಅಲ್ಲೇ. ಕೇಳಬೇಕಾದ ಪ್ರಶ್ನೆ ಮಾತ್ರ ಬೇರೆಯಿತ್ತು. ಪಳಗಿದ ಮಿಸ್ತ್ರಿ ಗಾಡಿಗೆ ಕೈ ಹಚ್ಚುವ ಮೊದಲು ಡ್ರೈವರನ್ನು ವಿಚಾರಿಸುತ್ತಾನೆ: ಯೂರಿಯಾ ಎಲ್ಲಿ ಹಾಕಿಸಿದೆ ತಮ್ಮಾ, ದೀಪ ಹತ್ತಿದ್ದು ಘಾಟಿನಲ್ಲೋ ಬಯಲಿನಲ್ಲೋ, ಹಿಂದೆ ಯಾರಾದರೂ ಬಿಚ್ಚಿದ್ದರೇ? ಪತ್ತೆಯ ಮೊದಲ ಅರ್ಧ ಗಾಡಿಯೊಳಗಿರುವುದಿಲ್ಲ, ಗಾಡಿ ನಡೆದುಬಂದ ದಾರಿಯಲ್ಲಿರುತ್ತದೆ. ಆ ದಾರಿಯ ಮೇಲೆ ಯಾವ ಬಾಣವನ್ನೂ ಮೂಡಿಸಲಾಗದು.

ಎರಡನೆಯ ಕೆಲಸಕ್ಕೆ ಬರೋಣ. ಜಾಗ ತೋರಿಸುವುದು, ಕ್ರಮ ನೆನಪಿಸುವುದು ಎಆರ್‌ನ ಸ್ವಂತ ಮನೆ. ಹೊಸ ಮಾದರಿಯ ಗಾಡಿ ಮೊದಲ ಸಲ ಬಿಚ್ಚುವವನಿಗೆ, ಫ್ಯೂಸ್ ಪೆಟ್ಟಿಗೆಯ ನಲವತ್ತು ಫ್ಯೂಸುಗಳಲ್ಲಿ ಒಂದನ್ನು ಹುಡುಕುವವನಿಗೆ, ಎಲೆಕ್ಟ್ರಿಕ್ ಗಾಡಿಯಲ್ಲಿ ಯಾವ ಕೇಬಲ್ ಮುಟ್ಟಿದರೆ ಜೀವಕ್ಕೆ ಅಪಾಯ ಎಂದು ತಿಳಿಯಬೇಕಾದವನಿಗೆ ಇದು ದೊಡ್ಡ ಉಪಕಾರ. ಹತ್ತು ವರ್ಷ ಅನುಭವ ಇದ್ದವನೂ ಒಂದು ವಾಷರ್ ಮರೆಯುತ್ತಾನೆ. ನೆನಪಿಗೆ ಆಸರೆ ಬೇಕೆನ್ನುವುದು ಅವಮಾನವಲ್ಲ. ವಿಮಾನ ಹಾರಿಸುವವರು ದಶಕಗಳಿಂದ ಪಟ್ಟಿ ಓದಿಯೇ ಹಾರಿಸುತ್ತಾರೆ. ಆದರೆ ಈ ಉಪಕಾರಕ್ಕೆ ಒಂದು ಷರತ್ತಿದೆ: ಕಂಪ್ಯೂಟರಿನಲ್ಲಿರುವ ಗಾಡಿಯ ನಕ್ಷೆಯೂ ಮುಂದೆ ನಿಂತಿರುವ ಗಾಡಿಯೂ ಒಂದೇ ಆಗಿರಬೇಕು. 2013ರಲ್ಲಿ ಫೋಕ್ಸ್‌ವ್ಯಾಗನ್ ತನ್ನ ಎಕ್ಸ್ಎಲ್1 ಕಾರಿನ ಸರ್ವಿಸಿಗೆಂದು ಮಾರ್ಟಾ ಎಂಬ ಎಆರ್ ವ್ಯವಸ್ಥೆ ತಂದಿತು. ಟ್ಯಾಬ್ಲೆಟ್ಟನ್ನು ಕಾರಿನತ್ತ ಹಿಡಿದರೆ ಬಿಡಿಭಾಗಗಳ ಚಿತ್ರ ಅದರದರ ಜಾಗದ ಮೇಲೆ ಕೂರುತ್ತಿತ್ತು. ಆ ಕಾರನ್ನು ಮಾಡಲು ಉದ್ದೇಶಿಸಿದ್ದೇ 250. ಪ್ರತಿಯೊಂದೂ ಕಾರ್ಖಾನೆಯಿಂದ ಹೊರಟ ಹಾಗೇ ಇರುವ, ಕಂಪನಿಯ ವರ್ಕ್‌ಶಾಪ್ ಬಿಟ್ಟು ಬೇರೆಲ್ಲೂ ಬಿಚ್ಚದ ಗಾಡಿ. ಅಲ್ಲಿ ನಕ್ಷೆಗೂ ನಿಜಕ್ಕೂ ಅಂತರವಿಲ್ಲ.

ಮಾರ್ಕೆಟ್ ಯಾರ್ಡಿನ ಗೇಟಿನಲ್ಲಿ ಸಾಲುಗಟ್ಟುವ ಗಾಡಿಗಳನ್ನು ಹತ್ತಿರ ಹೋಗಿ ನೋಡಿ. 1986ರಲ್ಲಿ ಬಂದ ಟಾಟಾ 407, 2005ರಲ್ಲಿ ಬಂದ ಟಾಟಾ ಏಸ್, ಎರಡೂ ಇದೇ ಪುಣೆಯ ಕಾರ್ಖಾನೆಯಲ್ಲಿ ಹುಟ್ಟಿದವು. ಒಂದೊಂದು ಮಾದರಿಯ ಗಾಡಿಗಳೂ ಹುಟ್ಟಿದ್ದು ಒಂದೇ ನಕ್ಷೆಯಿಂದಾದರೂ ಬದುಕಿದ್ದು ಬೇರೆ ಬೇರೆ. ದೊಡ್ಡ ಲಾರಿಗಳದಂತೂ ಎಷ್ಟೋ ಸಲ ಚಾಸಿ ಒಬ್ಬರದು, ಬಾಡಿ ಕಟ್ಟಿದವರು ಇನ್ನೊಬ್ಬರು. ಬಾಡಿಯ ದೀಪಕ್ಕೆಂದು ಎಳೆದ ತಂತಿ ಯಾವ ನಕ್ಷೆಯಲ್ಲೂ ಇಲ್ಲ. ಹೆಚ್ಚು ಭಾರ ತಡೆಯಲೆಂದು ಸ್ಪ್ರಿಂಗಿಗೆ ಒಂದು ಪಾಟಾ ಹೆಚ್ಚಿಗೆ ಸೇರಿದೆ. ಒಡೆದ ಬ್ರಾಕೆಟ್ಟಿಗೆ ಸಂಕೇಶ್ವರದಲ್ಲೋ ಕರಾಡದಲ್ಲೋ ವೆಲ್ಡಿಂಗ್ ಆಗಿದೆ. ಇವೆಲ್ಲದರ ಮೇಲೆ ಆಯಿಲ್ ಮತ್ತು ಧೂಳು ಬೆರೆತು ಗಟ್ಟಿಯಾದ ಕಪ್ಪು ಪದರ. ಉಗುರಿನಿಂದ ಕೆರೆದರೆ ಮಾತ್ರ ಕೆಳಗಿರುವುದು ನಟ್ಟೋ ಪ್ಲಗ್ಗೋ ಎಂದು ತಿಳಿಯುತ್ತದೆ. ಕ್ಯಾಮೆರಾ ಗಾಡಿಯ ಭಾಗವನ್ನು ಗುರುತು ಹಿಡಿಯುವುದು ಅದರ ಅಂಚು, ಆಕಾರ, ಬಣ್ಣದಿಂದ. ಇಲ್ಲಿ ಅಂಚು ಮುಚ್ಚಿದೆ, ಆಕಾರ ಬದಲಾಗಿದೆ, ಬೆಳಕು ಒಂದೇ ಒಂದು ಬಲ್ಬಿನದು. ಬಿಚ್ಚುತ್ತ ಹೋದಂತೆ ಗಾಡಿಯ ರೂಪವೇ ಮತ್ತೆ ಮತ್ತೆ ಬದಲಾಗುತ್ತದೆ. ನಾಲ್ಕು ಬೆರಳು ಆಚೆ ಕೂತ ಬಾಣ ಬಾಣವಿಲ್ಲದ್ದಕ್ಕಿಂತ ಕೆಟ್ಟದ್ದು. ಗುರುತು ಇಲ್ಲದಾಗ ಮನುಷ್ಯ ಹುಡುಕುತ್ತಾನೆ, ತಪ್ಪು ಗುರುತು ಇದ್ದಾಗ ನಂಬುತ್ತಾನೆ.

ಮೂರನೆಯದು ಕೈಯ ಕೆಲಸ. 'ಇಷ್ಟು ನ್ಯೂಟನ್ ಮೀಟರ್ ಬಿಗಿಯಿರಿ' ಎಂದು ಕನ್ನಡಕದಲ್ಲಿ ಅಂಕಿ ಮೂಡುತ್ತದೆ, ಟಾರ್ಕ್ ಪಾನಾ ಟಕ್ ಎನ್ನುವವರೆಗೆ ತಿರುಗಿಸಿದರೆ ಮುಗಿಯಿತಲ್ಲ ಎಂದು ಕೇಳಬಹುದು. ಬೋಲ್ಟಿನ ವಿಜ್ಞಾನ ಬಲ್ಲವರ ಲೆಕ್ಕ ಹೀಗಿದೆ: ತಿರುಗಿಸಲು ನಾವು ಹಾಕುವ ಬಲದಲ್ಲಿ ಹೆಚ್ಚುಕಡಿಮೆ ಅರ್ಧ ಬೋಲ್ಟಿನ ತಲೆಯಡಿಯ ತಿಕ್ಕಾಟಕ್ಕೆ ಹೋಗುತ್ತದೆ, 40 ಶೇಕಡಾದಷ್ಟು ಥ್ರೆಡ್ಡುಗಳ ತಿಕ್ಕಾಟಕ್ಕೆ, ಎರಡು ಭಾಗಗಳನ್ನು ಅದುಮಿ ಹಿಡಿಯುವ ನಿಜವಾದ ಕೆಲಸಕ್ಕೆ ಉಳಿಯುವುದು 10 ಶೇಕಡಾದಷ್ಟು ಮಾತ್ರ. ಆದ್ದರಿಂದ ಥ್ರೆಡ್ಡಿನಲ್ಲಿ ತುಕ್ಕು ಇದ್ದರೆ ಅಂಕಿ ಸರಿಯಾಗಿದ್ದೂ ಬೋಲ್ಟ್ ಸಡಿಲ ಉಳಿಯುತ್ತದೆ. ಆಯಿಲ್ ತಗುಲಿದ್ದರೆ ಅದೇ ಅಂಕಿಗೆ ಬೋಲ್ಟ್ ಮಿತಿಮೀರಿ ಎಳೆದುಕೊಂಡು ಸೋಲುತ್ತದೆ. ಅಂಕಿ ಸುಳ್ಳಲ್ಲ, ಅದು ಚೊಕ್ಕಟ ಬೋಲ್ಟಿಗೆ ಬರೆದ ಅಂಕಿ. ಈ ಬೋಲ್ಟ್ ಚೊಕ್ಕಟವೇ ಎಂದು ಹೇಳುವುದು ಮೊದಲ ಎರಡು ಸುತ್ತು ಬರಿಗೈಯಲ್ಲಿ ತಿರುಗಿಸಿ ನೋಡುವ ಬೆರಳು. ಸೆಲ್ಫಿನ, ಅಂದರೆ ಸ್ಟಾರ್ಟರ್ ಮೋಟಾರಿನ, ಹಿಂದಿನ ಬೋಲ್ಟನ್ನು ಎಷ್ಟೋ ಗಾಡಿಗಳಲ್ಲಿ ಯಾರೂ ಕಣ್ಣಿಂದ ನೋಡುವುದೇ ಇಲ್ಲ. ಮಿಸ್ತ್ರಿ ಮುಖವನ್ನು ಆ ಕಡೆ ತಿರುಗಿಸಿ, ಭುಜದವರೆಗೆ ಕೈ ಒಳಗೆ ತೂರಿಸಿ, ಬೆರಳ ತುದಿಯಲ್ಲಿ ಅದರ ಆರು ಮೂಲೆಗಳನ್ನು ಎಣಿಸುತ್ತಾನೆ. ಆಗ ಅವನ ಕಣ್ಣಿಗೆ ಕೆಲಸವಿಲ್ಲ. ಕಣ್ಣಿಗೆ ಕೆಲಸವಿಲ್ಲದ ಕಡೆ ಕನ್ನಡಕಕ್ಕೂ ಇಲ್ಲ. ಹೇಳಲು ಬರುವುದಕ್ಕಿಂತ ಹೆಚ್ಚಿನದನ್ನು ಮನುಷ್ಯ ಬಲ್ಲ ಎಂಬ ವಿಚಾರವನ್ನು ಮೈಕೆಲ್ ಪೊಲಾನಿ 1966ರಲ್ಲಿ ಒಂದು ಪುಸ್ತಕವನ್ನೇ ಬರೆದು ಮಂಡಿಸಿದರು. ಗ್ಯಾರೇಜಿನ ತಿಳಿವಳಿಕೆಯ ದೊಡ್ಡ ಪಾಲು ಇಂಥದು. ಹೇಳಲು ಬಾರದ್ದನ್ನು ಬಾಣವಾಗಿ ಬಿಡಿಸಲೂ ಬಾರದು.

ನಾಲ್ಕನೆಯ ಕೆಲಸ, ಗಾಡಿ ಸರಿಯಾಗಿದೆ ಎಂದು ಮಾತು ಕೊಡುವುದು, ಎಲ್ಲಕ್ಕಿಂತ ಭಾರದ್ದು. ಕರ್ನಾಟಕದಿಂದ ಬರುವ ಲಾರಿ ಕಾತ್ರಜದ ಹೊಸ ಸುರಂಗ ದಾಟಿ ನವಲೆ ಸೇತುವೆಯತ್ತ ಇಳಿಯಬೇಕು. ಆ ಇಳಿಜಾರಿನಲ್ಲಿ ಹತೋಟಿ ತಪ್ಪಿದ ಭಾರಿ ವಾಹನಗಳು ಎಷ್ಟು ಜೀವ ತೆಗೆದಿವೆ ಎಂಬುದು ಪುಣೆಯಲ್ಲಿ ಪತ್ರಿಕೆ ಓದುವ ಪ್ರತಿಯೊಬ್ಬರಿಗೂ ಗೊತ್ತು. ಬ್ರೇಕ್ ಕೆಲಸ ಮುಗಿಸಿದ ಮಿಸ್ತ್ರಿ ತಾನೇ ಗಾಡಿ ಹತ್ತಿ ಒಂದು ಸುತ್ತು ಓಡಿಸಿ ಬಂದು, ಇಳಿದು, ನಾಲ್ಕೂ ಚಕ್ರದ ಡ್ರಮ್ಮುಗಳ ಹತ್ತಿರ ಅಂಗೈ ಹಿಡಿಯುತ್ತಾನೆ. ಮೂರು ಒಂದೇ ಬಿಸಿ, ಒಂದು ಹೆಚ್ಚು ಬಿಸಿ ಇದ್ದರೆ ಆ ಚಕ್ರದಲ್ಲಿ ಲೈನರ್ ಹಿಡಿದುಕೊಂಡಿದೆ. ಒಂದು ತಣ್ಣಗಿದ್ದರೆ ಅದು ಬ್ರೇಕೇ ಹಿಡಿಯುತ್ತಿಲ್ಲ. ಎಲ್ಲ ಹೆಜ್ಜೆಗಳನ್ನೂ ಕ್ರಮವಾಗಿ ಮುಗಿಸಿದ್ದೇನೆ ಎಂಬುದಕ್ಕೂ ಗಾಡಿ ಸರಿಯಾಗಿದೆ ಎಂಬುದಕ್ಕೂ ನಡುವೆ ಇರುವ ಅಂತರ ಈ ಅಂಗೈಯಷ್ಟು. ಕನ್ನಡಕ ಮೊದಲನೆಯದಕ್ಕೆ ಸಾಕ್ಷಿ ಹೇಳಬಲ್ಲದು. ಎರಡನೆಯದಕ್ಕೆ ಒಬ್ಬ ಮನುಷ್ಯ ನಿಂತು ಹೊಣೆ ಹೊರಬೇಕು.

ಇಷ್ಟಾದ ಮೇಲೂ ಎದುರಾಗುವ ಮೂರು ಆಕ್ಷೇಪಗಳನ್ನು ತೂಗಿ ನೋಡಬೇಕು. ಮೊದಲನೆಯದು: ಎಆರ್ ಗೆದ್ದಿದೆಯಲ್ಲ, ದೊಡ್ಡ ಕಂಪನಿಗಳು ಲೆಕ್ಕ ಕೊಟ್ಟಿವೆಯಲ್ಲ? ಕೊಟ್ಟಿರುವುದು ನಿಜ. ಪೋರ್ಷೆ ಕಂಪನಿಯ ಅಮೆರಿಕದ ಶಾಖೆ 2017ರಲ್ಲಿ ಡೀಲರುಗಳ ಮೆಕ್ಯಾನಿಕ್‌ಗಳಿಗೆ ಕ್ಯಾಮೆರಾ ಇರುವ ಕನ್ನಡಕ ಕೊಟ್ಟು, ಪ್ರಯೋಗದಲ್ಲಿ ತೊಡಕು ಬಗೆಹರಿಸುವ ಹೊತ್ತು 40 ಶೇಕಡಾದವರೆಗೆ ಇಳಿಯಿತು ಎಂದು ಪ್ರಕಟಿಸಿತು. ಆದರೆ ಆ ಕನ್ನಡಕದ ಮುಖ್ಯ ಕೆಲಸವೇನಾಗಿತ್ತು? ಮೆಕ್ಯಾನಿಕ್ ನೋಡುತ್ತಿರುವುದನ್ನು ಅಟ್ಲಾಂಟಾದಲ್ಲಿ ಕೂತ ಪರಿಣತರ ತಂಡಕ್ಕೆ ತೋರಿಸುವುದು, ಅವರ ಸಲಹೆಯನ್ನೂ ನಕ್ಷೆಗಳನ್ನೂ ಇವನ ಕಣ್ಣ ಮುಂದೆ ತರುವುದು. ರೊನಾಲ್ಡ್ ಅಜುಮಾ 1997ರಲ್ಲಿ ಎಆರ್‌ಗೆ ಮೂರು ಲಕ್ಷಣ ಹೇಳಿದರು: ನಿಜ ಮತ್ತು ಕೃತಕ ಎರಡೂ ಬೆರೆತಿರಬೇಕು, ಆ ಕ್ಷಣದಲ್ಲೇ ಸ್ಪಂದಿಸಬೇಕು, ಕೃತಕ ಚಿತ್ರ ನಿಜದ ಜಾಗಕ್ಕೆ ಮೂರು ಆಯಾಮದಲ್ಲೂ ಹೊಂದಿ ಕೂರಬೇಕು. ಈ ಅಳತೆಯಲ್ಲಿ ನೋಡಿದರೆ ಅಲ್ಲಿ ಗೆದ್ದದ್ದು ಎಆರ್‌ಗಿಂತ ಹೆಚ್ಚಾಗಿ ದೂರದ ಮಿಸ್ತ್ರಿ. ಇದನ್ನೇ ಮಾರ್ಕೆಟ್ ಯಾರ್ಡಿನ ಡ್ರೈವರುಗಳು ವಾಟ್ಸಾಪ್ ವಿಡಿಯೋ ಕಾಲಿನಲ್ಲಿ ಮಾಡುತ್ತಿದ್ದಾರೆ. 'ಫೋನ್ ಟ್ಯಾಪೆಟ್ ಕಡೆ ಹಿಡಿ, ಇನ್ನೊಮ್ಮೆ ರೇಸ್ ಕೊಡು, ಆವಾಜ ಕೇಳಸು' ಎಂದು ಹುಬ್ಬಳ್ಳಿಯ ಮಿಸ್ತ್ರಿ ಹೇಳುತ್ತಾನೆ. ಈ ಕರೆಯಲ್ಲಿ ಚಿತ್ರಕ್ಕಿಂತ ಆವಾಜಿಗೇ ಬೆಲೆ ಹೆಚ್ಚು. ಬಲ್ಲವನ ಕಣ್ಣುಕಿವಿಯನ್ನು ದೂರಕ್ಕೆ ಚಾಚುವ ತಂತ್ರಕ್ಕೆ ನನ್ನ ಪೂರ್ತಿ ಒಪ್ಪಿಗೆಯಿದೆ. ಆದರೆ ಅದು ಬಲ್ಲವನ ಬೆಲೆಯನ್ನು ಹೆಚ್ಚಿಸುವ ತಂತ್ರ. ಬಲ್ಲವನೇ ಬೇಡ ಎಂಬ ವಾದಕ್ಕೆ ಅದನ್ನು ಸಾಕ್ಷಿಗೆ ಕರೆಯುವುದು ತರ್ಕದ ತಪ್ಪು.

ಎರಡನೆಯ ಆಕ್ಷೇಪ: ಇದೆಲ್ಲ ಇಂದಿನ ಮಿತಿ, ನಾಳೆ ಕೃತಕ ಬುದ್ಧಿಮತ್ತೆ ಸದ್ದು, ಕಂಪನ, ಬಿಸಿ ಎಲ್ಲವನ್ನೂ ಓದುತ್ತದೆ. ಓದಬಹುದು. ಯಂತ್ರ ಎಂದೆಂದಿಗೂ ಇದನ್ನು ಮಾಡಲಾರದು ಎಂದು ನಾನು ಪಣ ತೊಡುವುದಿಲ್ಲ. ಆದರೆ ಅದು ಯಾವುದರಿಂದ ಕಲಿಯುತ್ತದೆ ಎಂದು ಕೇಳಬೇಕು. ಜೂಲಿಯನ್ ಓರ್ ಎಂಬ ಮಾನವಶಾಸ್ತ್ರಜ್ಞರು ಜೆರಾಕ್ಸ್ ಕಂಪನಿಯ ರಿಪೇರಿಗಾರರ ಜೊತೆ ತಿರುಗಾಡಿ 1996ರಲ್ಲಿ ಪುಸ್ತಕ ಬರೆದರು. ಕಂಪನಿ ಕೊಟ್ಟ ಹೆಜ್ಜೆಹೆಜ್ಜೆಯ ಕೈಪಿಡಿ ಕೈಕೊಟ್ಟ ಕಡೆಯೆಲ್ಲ ಆ ರಿಪೇರಿಗಾರರು ಊಟದ ಹೊತ್ತಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಕಥೆಗಳಿಂದ ದಾರಿ ಕಂಡುಕೊಳ್ಳುತ್ತಿದ್ದರು ಎಂಬುದು ಅವರು ಕಂಡ ಸತ್ಯ. ಆ ಕಂಪನಿ ಇದರಿಂದ ಪಾಠ ಕಲಿತು, ರಿಪೇರಿಗಾರರು ತಾವು ಕಂಡುಕೊಂಡ ಉಪಾಯಗಳನ್ನು ತಾವೇ ಬರೆದು ಸೇರಿಸುವ ಯುರೇಕಾ ಎಂಬ ಭಂಡಾರ ಕಟ್ಟಿತು. ನಾಳಿನ ಯಂತ್ರ ಎಷ್ಟೇ ಜಾಣವಾಗಲಿ, ಸಾತಾರ ರಸ್ತೆಯ ಧೂಳಿನಲ್ಲಿ, ಹೆಚ್ಚು ಭಾರದಲ್ಲಿ, ಬೆರಕೆ ಯೂರಿಯಾದಲ್ಲಿ ಗಾಡಿ ಹೇಗೆ ಕೆಡುತ್ತದೆ ಎಂಬ ತಿಳಿವಳಿಕೆ ಇಂದು ಇರುವುದು ಇಲ್ಲಿನ ಮಿಸ್ತ್ರಿಗಳ ತಲೆಯಲ್ಲಿ. ಅವರನ್ನು ಬೇಡವೆಂದು ಮೊದಲು ಕೈಬಿಟ್ಟು ಆಮೇಲೆ ಯಂತ್ರಕ್ಕೆ ಕಲಿಸುತ್ತೇವೆ ಎನ್ನುವುದು ಬಾವಿಯನ್ನು ಮುಚ್ಚಿ ನಲ್ಲಿ ಹಾಕಿಸಿದಂತೆ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು, ಅದನ್ನು ನಾನು ತಲೆಬಾಗಿ ಕೇಳುತ್ತೇನೆ. 'ನೀವು ಹಾಡಿ ಹೊಗಳುವ ಈ ಉಸ್ತಾದ್ ಪದ್ಧತಿ ಎಂಥದು? ಹುಡುಗರು ವರ್ಷಗಟ್ಟಲೆ ಪಾನಾ ಕೊಡುತ್ತ, ಬೈಗುಳ ತಿನ್ನುತ್ತ, ಪುಡಿಗಾಸಿಗೆ ದುಡಿಯುವುದು. ಮುಖ್ಯ ಕೆಲಸ ಬಂದಾಗ ಚಹಾ ತಾ ಎಂದು ಅವರನ್ನು ಹೊರಗೆ ಕಳಿಸಿ ಗುಟ್ಟು ಮುಚ್ಚಿಟ್ಟುಕೊಳ್ಳುವುದು. ಈ ಬೀಗ ಒಡೆಯುವುದಾದರೆ ಕನ್ನಡಕ ಬರಲಿ ಬಿಡಿ.' ಇದರಲ್ಲಿ ಸುಳ್ಳಿಲ್ಲ. ಆ ಪದ್ಧತಿಯ ಕ್ರೌರ್ಯವನ್ನು ಕೌಶಲದ ಹೆಸರಿನಲ್ಲಿ ಸಮರ್ಥಿಸಲಾಗದು. ಬಾಣದ ಗುರುತು ಉಸ್ತಾದನ ಮರ್ಜಿ ಕಾಯದೆ ಮೊದಲ ಪಾಠ ಕೊಡುವುದಾದರೆ ಅದು ಬಿಡುಗಡೆಯೇ. ಆದರೆ ಒಂದು ಎಚ್ಚರ ಬೇಕು. ಕೈಕೆಲಸ ಕಲಿಯುವ ಬಗೆಯನ್ನು ಅಭ್ಯಾಸ ಮಾಡಿದ ಸಾಲ್ಮೋನಿ, ಶ್ಮಿಟ್ ಮತ್ತು ವಾಲ್ಟರ್ 1984ರಲ್ಲಿ ಮುಂದಿಟ್ಟ ವಿಚಾರ ಹೀಗಿದೆ: ಪ್ರತಿ ಹೆಜ್ಜೆಗೂ ಹೊರಗಿನಿಂದ ಮಾರ್ಗದರ್ಶನ ಸಿಗುತ್ತಿದ್ದರೆ ಆ ಹೊತ್ತಿಗೆ ಕೆಲಸ ಚೆನ್ನಾಗಿ ಆಗುತ್ತದೆ, ಮಾರ್ಗದರ್ಶನ ತೆಗೆದ ಕೂಡಲೇ ಕುಸಿಯುತ್ತದೆ, ಏಕೆಂದರೆ ಕಲಿಯುವವನು ತನ್ನ ತಪ್ಪನ್ನು ತಾನೇ ಗುರುತಿಸುವ ಗೊಡವೆಗೆ ಹೋಗಿರುವುದಿಲ್ಲ. ಫೋನಿನ ನಕ್ಷೆ ನೋಡಿ ಹತ್ತು ಸಲ ಹೋದ ದಾರಿ ಹನ್ನೊಂದನೆಯ ಸಲವೂ ನೆನಪಿಲ್ಲದಿರುವುದು ನಮ್ಮೆಲ್ಲರ ಅನುಭವ. ಹುಡುಗನನ್ನು ಉಸ್ತಾದನ ಹಂಗಿನಿಂದ ಬಿಡಿಸಿ ಕನ್ನಡಕದ ಹಂಗಿಗೆ ಹಾಕಿದರೆ ಅವನ ಕೂಲಿ ಏರುವುದಿಲ್ಲ. ಬಾಣ ಹಿಂಬಾಲಿಸುವವನ ಜಾಗಕ್ಕೆ ನಾಳೆ ಇನ್ನೊಬ್ಬ ಬರಬಹುದು. ಕೆಲಸ ಬಲ್ಲವನನ್ನು ಹಾಗೆ ಸುಲಭವಾಗಿ ಬದಲಿಸಲಾಗದು.

ಹಾಗಾದರೆ ನಮಗೆ ಬೇಕಾದದ್ದೇನು? ಎಆರ್ ಬೇಡ ಎಂಬುದು ನನ್ನ ವಾದವಲ್ಲ. ಅದರ ಜಾಗ ತಿಳಿದು ಕರೆತರಬೇಕು, ಕರೆತರುವಾಗ ಈ ಷರತ್ತುಗಳನ್ನು ಬಿಡಬಾರದು:

1. ಮಾಹಿತಿ ಬೀಗದಿಂದ ಹೊರಬರಬೇಕು. ಸ್ವತಂತ್ರ ಗ್ಯಾರೇಜುಗಳಿಗೆ ಬಿಡಿಭಾಗ, ಪತ್ತೆ ಸಾಧನ ಸಿಗದಂತೆ ಮಾಡಿದ್ದಕ್ಕಾಗಿ ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ವಿಷಯ ಮೇಲ್ಮನವಿಗೆ ಹೋಯಿತು. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು, ಅದರಲ್ಲಿ ವಾಹನಗಳೂ ಸೇರಿವೆ. ಬಾಣ ಬಿಡಿಸಲು ಬೇಕಾದ ನಕ್ಷೆ ಕಂಪನಿಯ ಕೈಯಲ್ಲೇ ಉಳಿದರೆ ಎಆರ್ ಹಳೆಯ ಬೀಗಕ್ಕೆ ಹಾಕಿದ ಹೊಸ ಬೀಗವಾಗುತ್ತದೆ.

2. ಒಂದೇ ಕಂಪನಿಯ ಕನ್ನಡಕಕ್ಕೆ ಜೋತುಬೀಳಬಾರದು. ಮಾರ್ಟಾಕ್ಕೆ ತಂತ್ರ ಒದಗಿಸಿದ ಮೆಟಾಯೊ ಕಂಪನಿಯನ್ನು ಆಪಲ್ 2015ರಲ್ಲಿ ಕೊಂಡುಕೊಂಡಿತು, ಮೆಟಾಯೊದ ಮಾರಾಟ ನಿಂತಿತು. ಗೂಗಲ್ ತನ್ನ ಗ್ಲಾಸ್ ಮಾರಾಟವನ್ನು 2023ರಲ್ಲಿ ನಿಲ್ಲಿಸಿತು, ಮೈಕ್ರೋಸಾಫ್ಟ್ ಹೋಲೋಲೆನ್ಸ್ 2ರ ತಯಾರಿಕೆಯನ್ನು 2024ರಲ್ಲಿ ನಿಲ್ಲಿಸಿತು. ಒಂದು ಲಾರಿ ಇವುಗಳಿಗಿಂತ ಹೆಚ್ಚು ಕಾಲ ಬಾಳುತ್ತದೆ. ಎಲ್ಲರ ಜೇಬಿನಲ್ಲಿರುವ ಫೋನಿನಲ್ಲೇ ನಡೆಯುವ ವ್ಯವಸ್ಥೆ ನಮಗೆ ಸಾಕು.

3. ಮಾತು ನಮ್ಮದಾಗಿರಬೇಕು. ಸ್ಟಾರ್ಟರ್ ಮೋಟಾರು ನಮ್ಮ ಗ್ಯಾರೇಜಿನಲ್ಲಿ ಸೆಲ್ಫು, ಲೀಫ್ ಸ್ಪ್ರಿಂಗು ಪಾಟಾ. ಬಾಣದ ಪಕ್ಕದಲ್ಲಿ ಬರುವ ಹೆಸರು ಹುಡುಗನ ಬಾಯಲ್ಲಿರುವ ಹೆಸರಾಗಿರಲಿ.

4. ಬಾಣ ಒಂದೇ ದಿಕ್ಕಿಗೆ ಹರಿಯಬಾರದು. ಮಿಸ್ತ್ರಿ ತಾನು ಕಂಡದ್ದನ್ನು ಅದಕ್ಕೆ ಮರಳಿ ಸೇರಿಸುವಂತಿರಬೇಕು, ಸೇರಿಸಿದವನಿಗೆ ಹೆಸರೂ ಹಣವೂ ಸಿಗಬೇಕು.

5. ಕಲಿಯುವವನಿಗೆ ಬಾಣ ಮೆಲ್ಲಮೆಲ್ಲನೆ ಮಸುಕಾಗಬೇಕು. ಮೊದಲ ಸಲ ಪೂರ್ತಿ, ಐದನೆಯ ಸಲ ಅರ್ಧ, ಹತ್ತನೆಯ ಸಲ ಕೇಳಿದರೆ ಮಾತ್ರ.

ನಮ್ಮ ಭಾಷೆ ಒಂದು ಬೆರಳಿಗೆ ತೋರುಬೆರಳು ಎಂದು ಹೆಸರಿಟ್ಟಿದೆ. ದಾರಿ ತೋರಿಸಲು ಅದೊಂದೇ ಸಾಕು. ಆದರೆ ಪಾನಾ ಹಿಡಿಯಲು ಐದೂ ಬೆರಳು ಮಡಿಯಬೇಕು, ಡ್ರಮ್ಮಿನ ಬಿಸಿ ಅಳೆಯಲು ಇಡೀ ಅಂಗೈ ತೆರೆಯಬೇಕು. ಎಆರ್ ಒಂದು ಒಳ್ಳೆಯ ತೋರುಬೆರಳು. ಅದನ್ನು ನಮ್ಮ ಹುಡುಗರ ಕೈಗೆ ಸೇರಿಸಿಕೊಳ್ಳೋಣ. ಅದಕ್ಕಾಗಿ ಉಳಿದ ನಾಲ್ಕು ಬೆರಳನ್ನು ಕತ್ತರಿಸಿಕೊಳ್ಳುವುದು ಬೇಡ. ಲಾರಿ ಮಾಲೀಕರಿಗೆ ನನ್ನ ಮಾತು ಇಷ್ಟೇ: ಕನ್ನಡಕ ಬರುತ್ತದೆಂದು ಕಾಯುತ್ತ ಮಿಸ್ತ್ರಿಯ ಪಕ್ಕದಲ್ಲಿ ನಿಂತಿರುವ ಹುಡುಗನನ್ನು ಮರೆಯಬೇಡಿ. ನಿಮ್ಮ ಗಾಡಿ ನವಲೆ ಸೇತುವೆಯ ಇಳಿಜಾರು ಇಳಿಯುವಾಗ ಅದರ ಬ್ರೇಕಿಗೆ ಜಾಮೀನು ನಿಂತಿರುವುದು ಆ ಹುಡುಗ ಕಲಿತ ಕೈ. ಅವನಿಗೆ ಕಲಿಯಲು ಸಮಯ, ನೆಟ್ಟಗಿನ ಕೂಲಿ, ತೆರೆದ ಪುಸ್ತಕ ಕೊಡಿ. ಆಮೇಲೆ ಕನ್ನಡಕ ಬಂದರೆ ಅದನ್ನು ಹೇಗೆ ಬಳಸಬೇಕೆಂದು ಅವನೇ ನಿಮಗೆ ಹೇಳುತ್ತಾನೆ.